ಮಾವನವರ ಗಾಳದ ಕೋಲಿಗೆ ಹಾಕಿದ ಕಟ್ಟು

ಮುರಿದದ್ದನ್ನು ಮನೆಯಲ್ಲೇ ಕೂಡಿಸುವ ಚಪಲ ಕೆಲವರಿಗೆ ಹುಟ್ಟಿನಿಂದ ಬರುತ್ತದೆ; ನನಗೆ ಅದು ವಕೀಲಿಯ ಸನ್ನದಿನ ಜೊತೆಗೆ ಬಂತು. ಹಗಲೆಲ್ಲ ಹೊಸಪೇಟೆಯ ಕೋರ್ಟಿನಲ್ಲಿ ನಿಂತು ಅಣ್ಣತಮ್ಮಂದಿರ ಗದ್ದೆಗೆ ಬದು ಹಾಕಿಸಿ, ಒಂದೇ ಅಂಗಳದಲ್ಲಿ ಬೆಳೆದವರ ನಡುವೆ ಗೋಡೆ ಎಬ್ಬಿಸುವ ವಾದ ಮಂಡಿಸಿ ಮನೆಗೆ ಬಂದವನಿಗೆ, ಸಂಜೆ ಏನನ್ನಾದರೂ ಒಂದಕ್ಕೊಂದು ಸೇರಿಸಬೇಕೆಂಬ ಹಂಬಲ ಹುಟ್ಟುವುದು ಸಹಜವೇ ಇರಬೇಕು. ಅದನ್ನು ಪ್ರಾಯಶ್ಚಿತ್ತವೆನ್ನಿ, ಹವ್ಯಾಸವೆನ್ನಿ, ನನ್ನ ಮನೆಯಾಕೆ ಅನ್ನುವಂತೆ ಉಪದ್ವ್ಯಾಪವೆನ್ನಿ. ಚಿತ್ತವಾಡ್ಗಿಯ ನಮ್ಮ ಮನೆಯ ಪಡಸಾಲೆಯ ಮೂಲೆಯಲ್ಲಿ ಒಂದು ಬುಟ್ಟಿಯಿದೆ. ಹಿಡಿ ಕಿತ್ತ ಕಂದೀಲು, ಕಡ್ಡಿ ಮುರಿದ ಕೊಡೆ, ಬಾಯಿ ಬಿಟ್ಟ ಚಪ್ಪಲಿ ಎಲ್ಲವೂ ಅದರಲ್ಲಿ ಬಿದ್ದುಕೊಂಡು ನನ್ನ ಬಿಡುವಿಗಾಗಿ ಕಾಯುತ್ತವೆ. ನಾನು ದುರಸ್ತಿ ಮಾಡಿದ ಕೊಡೆ ಬಿಚ್ಚಿಕೊಳ್ಳುತ್ತದೆ, ಆದರೆ ಮುಚ್ಚಿಕೊಳ್ಳುವುದಿಲ್ಲ. ನಾನು ಕೈಯಾಡಿಸಿದ ಗೋಡೆ ಗಡಿಯಾರ ನಡೆಯುತ್ತದೆ, ಆದರೆ ಅದು ತೋರಿಸುವ ವೇಳೆ ಮದ್ರಾಸಿನದೂ ಅಲ್ಲ, ಹೊಸಪೇಟೆಯದೂ ಅಲ್ಲ.

ಇಂಥ ಕೆಲಸಕ್ಕೆ ಪ್ರಶಂಸೆಯನ್ನು ನಿರೀಕ್ಷಿಸುವಷ್ಟು ಅವಿವೇಕಿ ನಾನಲ್ಲ; ಪ್ರಶಂಸಿಸುವಷ್ಟು ದಾಕ್ಷಿಣ್ಯ ನಮ್ಮ ಮನೆಗೆ ಬಂದುಹೋಗುವ ಯಾರಿಗೂ ಇಲ್ಲ. ಹಾಲು ಹಾಕುವವಳಿಂದ ಹಿಡಿದು ಕೇಸು ಸೋತ ಕಕ್ಷಿಗಾರನವರೆಗೆ ಎಲ್ಲರೂ ಪಡಸಾಲೆಯಲ್ಲಿ ಒಂದು ಗಳಿಗೆ ನಿಂತು, ನನ್ನ ಕುಶಲಕಲೆಯ ಕುಂದುಗಳನ್ನು ಎಣಿಸಿಯೇ ಮುಂದೆ ಹೋಗುತ್ತಾರೆ. ಓದುವ ನಿಮಗೆ ಇದು ಅವಮಾನವೆಂದು ತೋರಬಹುದು. ನನಗೆ ಹಾಗೆ ತೋರುವುದಿಲ್ಲ. ಏಕೆಂದರೆ ನನ್ನ ಕೈಕೆಲಸವನ್ನು ಬಾಯಿತುಂಬ ಹೊಗಳಿದವರು ಈ ಜನ್ಮದಲ್ಲಿ ಒಬ್ಬರೇ, ಮತ್ತು ಆ ಹೊಗಳಿಕೆ ನಮ್ಮ ಮನೆಗೆ ತಂದಿಟ್ಟ ಸಂಕಟವನ್ನು ನೆನೆದರೆ ಇಂದಿಗೂ ಎದೆ ಭಾರವಾಗುತ್ತದೆ. ಅವರು ನನ್ನ ಮಾವನವರು, ಅಂದರೆ ನನ್ನ ಹೆಂಡತಿ ತುಂಗಾಳ ತಂದೆ.

ಮಾವನವರು ತಮ್ಮ ಆಯುಷ್ಯದ ಬಹುಭಾಗವನ್ನು ಸರ್ಕಾರದ ಕಾಲುವೆ ಓವರ್‌ಸಿಯರಾಗಿ, ರಾಯರ ಕಾಲದ ಕಾಲುವೆಗಳ ದಂಡೆಯ ಮೇಲೆ ಕಳೆದವರು. ಹೊಳೆಗೆ ಅಡ್ಡಲಾಗಿ ಹಿಂದಿನವರು ಕಲ್ಲು ಜೋಡಿಸಿ ಕಟ್ಟಿದ ಅಣೆ, ಅಲ್ಲಿಂದ ಹೊರಟು ಹಂಪಿಯ ಬಂಡೆಗಳ ಸಂದಿಯಲ್ಲಿ ನುಸುಳಿ ಕಮಲಾಪುರದ ಕಬ್ಬು ಬಾಳೆಗಳಿಗೆ ಹೋಗುವ ನೀರು, ಇವೇ ಅವರ ಸಂಸಾರ. ಮಳೆಗಾಲದಲ್ಲಿ ಹೊಳೆ ಏರಿದಾಗ ದಿನವಿಡೀ ಅಣೆಯ ಬಳಿ ಕುಳಿತು ನೀರನ್ನು ಕಾಯಬೇಕು. ಆ ಏಕಾಂತದಲ್ಲಿ ಅವರಿಗೆ ಗಾಳದ ಕೋಲಿನ ಚಟ ಹತ್ತಿತು. ನಿತ್ಯ ಗೋಪೀಚಂದನ ಹಚ್ಚುವ ವೈಷ್ಣವ ಬ್ರಾಹ್ಮಣ ಮೀನಿನ ಕೋಲು ಹಿಡಿದರೆ ಊರು ಸುಮ್ಮನಿದ್ದೀತೆ? ಅದಕ್ಕೆ ಅವರು ಕಂಡುಕೊಂಡ ಉಪಾಯ ಅಪೂರ್ವವಾದದ್ದು. ಕೋಲು ಉಂಟು, ದಾರ ಉಂಟು, ದಾರದ ತುದಿಗೆ ಸೀಸದ ಗುಂಡೂ ಹಿಟ್ಟಿನ ಉಂಡೆಯೂ ಉಂಟು. ಗಾಳ ಮಾತ್ರ ಇಲ್ಲ. ಮೀನು ಬಂದು ಹಿಟ್ಟು ತಿಂದು ಹೋಗುತ್ತಿತ್ತು. ಇವರು ಅದರ ಮೂತಿ ತಾಗಿದ್ದನ್ನು ಅಂಗೈಯಲ್ಲಿ ಅನುಭವಿಸಿ, ಕೈ ತೊಳೆದುಕೊಂಡು ಸಂಧ್ಯಾವಂದನೆಗೆ ಏಳುತ್ತಿದ್ದರು. ಊರವರು ನಕ್ಕು ಸುಮ್ಮನಾದರು, ಮೀನುಗಳಂತೂ ತಕರಾರು ಮಾಡಲಿಲ್ಲ.

ಕೋಲು ಅವರೇ ಮಾಡಿಕೊಂಡದ್ದು. ಸಂಡೂರಿನ ಗುಡ್ಡದ ಗಂಡುಬಿದಿರು, ಒಳಗೆ ಪೊಳ್ಳಿಲ್ಲದ್ದು. ನೆರಳಿನಲ್ಲಿ ಒಣಗಿಸಿ, ಎಣ್ಣೆ ಕುಡಿಸಿ, ವರ್ಷಗಟ್ಟಲೆ ಕೈಯಲ್ಲಿ ಹಿಡಿದು ನುಣುಪು ಬಂದದ್ದು. ಮೀನಿನ ನೆಪದಲ್ಲಿ ನೀರಿನಲ್ಲಿ ಇಳಿಬಿಟ್ಟ ದಾರವು ಬರಬರುತ್ತ ಅವರಿಗೆ ನೀರಿನ ಸಮಾಚಾರವನ್ನೇ ಹೇಳತೊಡಗಿತು. ಸೆಳವು ಹೆಚ್ಚಿತೆ, ಕೆಸರು ಬಂತೆ, ಮೇಲೆಲ್ಲೋ ತೂಬು ಎತ್ತಿದರೇ ಎಂಬುದೆಲ್ಲ ಬಿದಿರಿನ ಸಣ್ಣ ನಡುಕದಲ್ಲಿ ಕೈಗೆ ಬರುತ್ತಿತ್ತಂತೆ. ಇದನ್ನು ನಾನು ಬಹಳ ದಿನ ನಂಬಿರಲಿಲ್ಲ.

ಪಿಂಚಣಿಯಾದ ಮೇಲೆ ಅವರ ಕಣ್ಣಿಗೆ ಪೊರೆ ಬಂತು. ಬಳ್ಳಾರಿಗೆ ಕರೆದೊಯ್ದು ಪೊರೆ ತೆಗೆಸಿದೆವು. ಪೊರೆ ಹೋಯಿತು, ಬೆಳಕು ಮರಳಲಿಲ್ಲ. ಹೆಂಡತಿ ಮೊದಲೇ ತೀರಿಕೊಂಡಿದ್ದರು, ತುಂಗಾ ಒಬ್ಬಳೇ ಮಗಳು. ಆದರೂ ಅವರು ನಮ್ಮಲ್ಲಿಗೆ ಬರಲು ಒಪ್ಪಲಿಲ್ಲ. ಧಾರೆ ಎರೆದು ಕೊಟ್ಟ ಮಗಳ ಮನೆಯಲ್ಲಿ ತಂದೆಯಾದವನು ಬಹುಕಾಲ ಇರಬಾರದು, ಇರಲೇಬೇಕಾಗಿ ಬಂದರೆ ಅಲ್ಲಿಯ ಅನ್ನಕ್ಕಾಗಲಿ ಆಸನಕ್ಕಾಗಲಿ ಅಳಿಯನ ನಡೆನುಡಿಗಾಗಲಿ ಕುಂದು ಹೇಳಬಾರದು ಎಂಬುದು ಅವರ ಮನೆತನದ ನಡವಳಿ. ತುಂಗಾ ಅತ್ತು ಕರೆದು, ಕಾಲು ಹಿಡಿದು, ಕೊನೆಗೆ ಕಾಲುವೆಯ ಹೆಸರು ಹೇಳಿ ಅವರನ್ನು ಕರೆತಂದಳು. ನಮ್ಮ ಹಿತ್ತಲ ಬಾಗಿಲು ತೆರೆದು ಒಂದು ಓಣಿ ದಾಟಿದರೆ ಕಾಲುವೆಯ ಮೆಟ್ಟಿಲು. ಬಂದ ದಿನವೇ ಅವರು ನನ್ನನ್ನು ಕರೆದು, ಕೈಜೋಡಿಸಿ ಕರಾರು ಹೇಳಿದರು.

“ಇಲ್ಲೆ ನೀರು ಸಮೀಪ ಅದ. ನೀರಿನ ಸುದ್ದಿ ಸಿಗೋತನಕ ನಿಮ್ಮಲ್ಲಿ ಇರ್ತೀನ್ರಿ, ಅಳಿಯಂದ್ರ. ಅದೂ ನಿಂತಿತು ಅಂದ್ರ ಹಂಪಿಯೊಳಗ ಛತ್ರ ಅದ, ಅಲ್ಲಿಗೆ ಕಳಿಸಿಬಿಡ್ರಿ.”

ಬಂದವರು ನಮ್ಮ ಮನೆಯಲ್ಲಿ ಹೇಗಿದ್ದರೆಂದರೆ, ಇದ್ದಾರೋ ಇಲ್ಲವೋ ಎಂಬಂತೆ ಇದ್ದರು. ಹಾಕಿದ ಮಣೆಯ ಮೇಲೆ ಕುಳಿತರು, ಬಡಿಸಿದ್ದನ್ನು ಉಂಡರು, ಕೇಳಿದ್ದಕ್ಕೆಲ್ಲ “ಭಾಳ ಚಲೋ ಆಗ್ಯದ್ರಿ” ಅಂದರು. ಇಂಥ ಅತಿಥಿ ಸಿಗಲು ಪುಣ್ಯ ಮಾಡಿರಬೇಕೆಂದು ನಾನಂದುಕೊಂಡರೆ, ತುಂಗಾ ಒಳಗೊಳಗೇ ಕರಗುತ್ತಿದ್ದಳು. ಏಕೆಂದರೆ ಆಕೆಯ ಬಾಲ್ಯದ ತಂದೆ ಬೇರೆ. ತಪ್ಪು ಹುಡುಕುವುದರಲ್ಲಿ ಅವರಿಗೆ ಸಮಾನರಿರಲಿಲ್ಲವಂತೆ. ಬಾವಿಯ ಹಗ್ಗದ ಗಂಟಿನಿಂದ ಬಾಗಿಲ ರಂಗೋಲಿಯ ಚುಕ್ಕಿಯವರೆಗೆ ಅವರ ನಾಲಿಗೆಗೆ ಸಿಗದ ವಸ್ತುವಿರಲಿಲ್ಲವಂತೆ. ಅವರು ಯಾರನ್ನೂ ಬೈಯದ ದಿನ ತಾಯಿ ಗಾಬರಿಯಿಂದ ಅವರ ಹಣೆ ಮುಟ್ಟಿ ಜ್ವರ ನೋಡುತ್ತಿದ್ದರಂತೆ.

“ಅಪ್ಪ ನಮ್ಮನಿಗೆ ಬಂದೇ ಇಲ್ರಿ,” ಎಂದು ಒಮ್ಮೆ ತುಂಗಾ ನನಗೆ ಹೇಳಿದಳು. “ಬಂದವ್ರು ಯಾರೋ ಬ್ಯಾರೆಯವ್ರು.”

ಆ ಬೇರೆಯವರೊಳಗಿಂದ ಹಳೆಯ ತಂದೆ ಇಣುಕುತ್ತಿದ್ದುದು ದಿನಕ್ಕೊಮ್ಮೆ, ಕಾಲುವೆಯಿಂದ ಮರಳಿದ ಮೇಲೆ. ಬೆಳಿಗ್ಗೆ ತುಂಗಾ ಕೈಹಿಡಿದು ಮೆಟ್ಟಿಲ ಮೇಲೆ ಕೂಡಿಸಿ ಬರುತ್ತಿದ್ದಳು, ಬಿಸಿಲೇರಿದಾಗ ಹೋಗಿ ಕರೆತರುತ್ತಿದ್ದಳು. ಸಂಜೆ ನಾನು ಕೋರ್ಟಿನಿಂದ ಬಂದು ಕೋಟು ಬಿಚ್ಚುವಷ್ಟರಲ್ಲಿ ಅವರು ಗಂಟಲು ಸರಿಮಾಡಿಕೊಂಡು ಅಂದಿನ ವರದಿ ಒಪ್ಪಿಸುತ್ತಿದ್ದರು. ಮೇಲೆ ತೂಬು ಎತ್ತಿದ್ದಾರೆ. ಯಾರೋ ಎಮ್ಮೆ ಇಳಿಸಿದ್ದಾರೆ. ಗುಡ್ಡದ ಕಡೆ ಮಳೆಯಾಗಿದೆ, ನೀರು ದಪ್ಪಗಾಗಿದೆ. ನಾನು ವಕೀಲನಲ್ಲವೇ, ಪುರಾವೆಯಿಲ್ಲದೆ ನಂಬುವ ಜಾತಿಯಲ್ಲ. ಮರುದಿನ ಕಮಲಾಪುರದ ಕಕ್ಷಿಗಾರರನ್ನು ವಿಚಾರಿಸಿದರೆ ಪ್ರತಿಯೊಂದೂ ನಿಜವಾಗಿರುತ್ತಿತ್ತು. ಕುರುಡಾದ ಮೇಲೂ ಅವರು ಸರ್ಕಾರದ ಕಾಲುವೆಯನ್ನು ಸಂಬಳವಿಲ್ಲದೆ ಕಾಯುತ್ತಿದ್ದರು, ಅಷ್ಟು ಹೊತ್ತು ಯಾರ ಮನೆಯ ಅತಿಥಿಯೂ ಆಗಿರುತ್ತಿರಲಿಲ್ಲ.

ಕೋಲು ಮುರಿದದ್ದು ಯಾರ ತಪ್ಪಿನಿಂದಲೂ ಅಲ್ಲ. ಕಂಪ್ಲಿಯ ನಮ್ಮ ಗದ್ದೆಯಿಂದ ಬಂಡಿಯಲ್ಲಿ ಭತ್ತ ಬಂದಿತ್ತು. ಪಡಸಾಲೆಯಲ್ಲಿ ಒಂದರ ಮೇಲೊಂದು ಪೇರಿಸಿದ ಚೀಲಗಳಲ್ಲಿ ಮೇಲಿನದು ತಾನಾಗಿ ಜಾರಿ, ಗೋಡೆಗೆ ಒರಗಿಸಿದ್ದ ಕೋಲಿನ ನಡುವಿಗೆ ಬಿತ್ತು. ಆ ಸದ್ದನ್ನು ಮಾವನವರು ಕೇಳಿದರು. ನಾನು ಎರಡು ತುಂಡನ್ನೂ ತಂದು ಅವರ ಕೈಗಿತ್ತಾಗ, ಸೀಳಿದ ಜಾಗದ ಮೇಲೆ ಬೆರಳಾಡಿಸಿ, “ಇರಲಿ ಬಿಡ್ರಿ, ಹಳೇದಾಗಿತ್ತು,” ಎಂದರು. ಹೊಸ ಬಿದಿರು ತರಿಸುತ್ತೇನೆಂದೆ. ಬೇಡವೆಂದು ತಲೆಯಾಡಿಸಿದರು. ಅದು ಒಣಗಿ, ಪಳಗಿ, ಕೈಗೆ ಹತ್ತುವುದರೊಳಗೆ ತಾವಿರುತ್ತೇವೆಯೋ ಇಲ್ಲವೋ ಎಂದರು. ಮರುದಿನ ಅವರು ಕಾಲುವೆಗೆ ಹೋಗಲಿಲ್ಲ, ಅದರ ಮರುದಿನವೂ ಹೋಗಲಿಲ್ಲ.

ತುಂಗಾ ನನ್ನ ಮುಖ ನೋಡಿದಳು. ಆಕೆಯ ನೋಟದಲ್ಲಿ ಕರಾರಿನ ನೆನಪಿತ್ತು. ಮುರಿದ ವಸ್ತುವೊಂದರ ಮೇಲೆ ಒಂದು ಮನೆಯ ಶಾಂತಿ ನಿಂತಿರುವಾಗ ನನ್ನಂಥವನು ಕೈಕಟ್ಟಿ ಕೂರುವುದುಂಟೆ? ನಾನು ಕೂಡಿಸುತ್ತೇನೆಂದೆ, ಅಂಗಿಯ ತೋಳು ಮಡಚಿಯೂ ಬಿಟ್ಟೆ.

ಈಗ ನನ್ನ ದುರಸ್ತಿಶಾಸ್ತ್ರದ ಮೂಲಸೂತ್ರವನ್ನು ನಿಮಗೆ ಹೇಳಬೇಕು. ಒಮ್ಮೆ ಮುರಿದದ್ದು ಮತ್ತೆ ಮುರಿಯಕೂಡದು, ಇಷ್ಟೇ ಆ ಸೂತ್ರ. ಎತ್ತಿನ ಬಂಡಿಯ ಮೂಕಿ ಬಿರಿದರೆ ಕಬ್ಬಿಣದ ಪಟ್ಟಿ ಬಿಗಿಯುವುದನ್ನು ಕಂಡವನು ನಾನು. ಕೋಲಿಗೂ ಅದೇ ಮರ್ಯಾದೆ ಮಾಡಿದೆ. ಮುರಿದ ಕೊನೆಗಳನ್ನು ಗರಗಸದಿಂದ ನೇರವಾಗಿ ಕೊಯ್ದು ಸಮ ಮಾಡಿದೆ. ಹೋಳಿಗೆ ಓಕುಳಿಯಾಡುವ ಹಳೆಯ ಪಿಚಕಾರಿಯೊಂದು ಅಟ್ಟದಲ್ಲಿತ್ತು, ಅದರ ಹಿತ್ತಾಳೆಯ ಕೊಳವೆ ಬಿದಿರಿನ ದಪ್ಪಕ್ಕೆ ಹೇಳಿ ಮಾಡಿಸಿದ ಹಾಗೆ ಕೂತಿತು. ಒಳಗೆ ಬಡಗಿಯಿಂದ ತಂದ ಸರೇಸಿನ ಅಂಟು ಕಾಯಿಸಿ ಸುರಿದೆ. ಸರೇಸನ್ನು ಯಾವ ಪ್ರಾಣಿಯಿಂದ ಮಾಡುತ್ತಾರೆಂದು ತುಂಗಾ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹಿತ್ತಲಲ್ಲಿ ಕಾಯಿಸಿದ್ದರಿಂದ ಮಡಿಗೆ ಭಂಗ ಬರಲಿಲ್ಲವೆಂದು ಇಬ್ಬರೂ ಭಾವಿಸಿದೆವು. ಕೊಳವೆಯ ಎರಡೂ ಬದಿಗೆ ತಂತಿ ಸುತ್ತಿ, ಮೇಲೆ ಅರಗು ಬಳಿದೆ. ಆಮೇಲೆ ಕೋಲನ್ನು ಎರಡು ಕೈಯಲ್ಲಿ ಹಿಡಿದು ಬಗ್ಗಿಸಿ ನೋಡಿದೆ. ಕಟ್ಟಿದ ಜಾಗ ಕಿಂಚಿತ್ತೂ ಅಲುಗಲಿಲ್ಲ.

ಮಾವನವರು ಅದನ್ನು ಬುಡದಿಂದ ತುದಿಯವರೆಗೆ ಸವರಿದರು. ಹಿತ್ತಾಳೆಯ ಮೇಲೆ ಬಂದಾಗ ಅವರ ಬೆರಳು ನಿಂತವು, ಅಲ್ಲಿಯೇ ಸ್ವಲ್ಪ ಹೊತ್ತು ಇದ್ದವು. ಆಮೇಲೆ ಮುಖವೆತ್ತಿ, “ಅಳಿಯಂದ್ರ, ಭೇಷ್ ಮಾಡೀರಿ. ಇನ್ನ ಇದು ನನಗಿಂತ ಹೆಚ್ಚು ಬಾಳತದ,” ಎಂದರು. ನನ್ನ ಹಿಗ್ಗನ್ನು ಏನೆಂದು ವರ್ಣಿಸಲಿ? ವಕೀಲರ ಕೋಣೆಯಲ್ಲಿ ಆ ಕಟ್ಟಿನ ವರ್ಣನೆ ಕೇಳಿ ಕೇಳಿ ಬೇಸತ್ತ ಮಿತ್ರರು ನನ್ನನ್ನು ಕಂಡೊಡನೆ ಕಡತ ಬಿಚ್ಚಿ ಓದುವವರಂತೆ ನಟಿಸತೊಡಗಿದರು.

ಮಾವನವರು ಮತ್ತೆ ಕಾಲುವೆಗೆ ಹೋಗತೊಡಗಿದರು. ಸಂಜೆಯ ವರದಿಯೂ ಮೊದಲಾಯಿತು. ಆದರೆ ಎಮ್ಮೆಯಿಲ್ಲ, ಮಳೆಯಿಲ್ಲ, ತೂಬಿಲ್ಲ. ನೀರು ಚೆನ್ನಾಗಿದೆ, ಸೆಳವು ಚೆನ್ನಾಗಿದೆ ಎಂಬ ಎರಡೇ ಮಾತು. ವಯಸ್ಸಾಯಿತು, ಉತ್ಸಾಹ ಕುಗ್ಗಿತು ಎಂದುಕೊಂಡೆ. ಹೀಗಿರುವಾಗ ಒಂದು ಸಂಜೆ ನಾನು ಕಾಲುವೆಯ ದಂಡೆ ಹಿಡಿದು ಮನೆಗೆ ಬರುತ್ತಿದ್ದೆ. ಕೆಳಗಡೆ ದುರಸ್ತಿಗೆಂದು ಬೆಳಗಿನಿಂದ ಹಲಗೆ ಇಳಿಸಿ ನೀರನ್ನು ತಡೆದಿದ್ದರು. ಕಾಲುವೆ ತುಂಬಿತ್ತು, ಆದರೆ ಹರಿಯುತ್ತಿರಲಿಲ್ಲ. ಬಿದ್ದ ಬೇವಿನ ಎಲೆ ಬಿದ್ದಲ್ಲಿಯೇ ನಿಂತಿತ್ತು. ಮನೆಗೆ ಬಂದು, “ಇವತ್ತು ನೀರು ಹೆಂಗಿತ್ರಿ?” ಎಂದು ಕೇಳಿದೆ. ಮಾವನವರು ಗಂಟಲು ಸರಿಮಾಡಿಕೊಂಡರು.

“ಎಂದಿನಂಗ ಹರೀತದ್ರಿ. ಸೆಳವು ಭಾಳ ಚಲೋ ಅದ.”

ಸುಳ್ಳು ಸಾಕ್ಷಿಯನ್ನು ಗುರುತಿಸಿ ಹೊಟ್ಟೆ ಹೊರೆಯುವವನು ನಾನು. ಅಂದು ಮಾತ್ರ ಕೋಟು ಬಿಚ್ಚಿ ಗೂಟಕ್ಕೆ ಸಿಕ್ಕಿಸಿ ಒಳಗೆ ಹೋದೆ. ಅದೇ ರಾತ್ರಿ ಊಟವಾದ ಮೇಲೆ ಅವರು ಶಾಂತವಾಗಿ, ಮುಂದಿನ ಏಕಾದಶಿ ಕಳೆದ ಮೇಲೆ ಹಂಪಿಗೆ ಹೋಗಬೇಕೆಂದಿದ್ದೇನೆ, ಒಂದು ಬಂಡಿ ಗೊತ್ತುಮಾಡಿಸಿ ಎಂದರು. ನದೀತೀರ, ದೇವರ ಸನ್ನಿಧಿ, ಕೊನೆಗಾಲ ಎಂದೆಲ್ಲ ಕಾರಣ ಕೊಟ್ಟರು. ಒಂದೊಂದೂ ಯೋಗ್ಯವಾದ ಕಾರಣವೇ. ಕಣ್ಣಿಲ್ಲದವರು ಆ ಜಾರುಬಂಡೆಗಳ ನಡುವೆ, ಕೈಹಿಡಿಯುವವರಿಲ್ಲದೆ ಎಷ್ಟು ದಿನ ಬದುಕಿಯಾರು ಎಂಬುದನ್ನು ಮಾತ್ರ ಯಾರೂ ಬಾಯಿಬಿಟ್ಟು ಕೇಳಲಿಲ್ಲ. ತುಂಗಾ ಎಲೆ ಎತ್ತುವುದನ್ನು ಮರೆತು ಕಂಬಕ್ಕೆ ಒರಗಿ ನಿಂತಿದ್ದಳು.

ಬೆಳಗಾದ ಮೇಲೆ ಆಕೆ ನನ್ನನ್ನು ಹಿತ್ತಲಿಗೆ ಕರೆದಳು. “ಕೋಲು ಅಪ್ಪಗ ಏನೂ ಹೇಳವಲ್ದುರಿ. ನಾ ದಿನಾ ಕರಕೊಂಡು ಹೋಗ್ತೀನಲ್ಲ, ನನಗ ಗೊತ್ತದ. ಮೊದಲ ಹೋದ್ರ ಅವರ ಮುಖ ನೀರಿನ ಕಡೆ ಇರ್ತಿತ್ತು. ಈಗ ಮನಿ ಕಡೆ ಇರ್ತದ, ಯಾವಾಗ ಕರೀಲಿಕ್ಕೆ ಬರ್ತೀನಿ ಅಂತ.”

“ಮತ್ತ ನನ್ನ ಮುಂದ ಯಾಕ ಹೇಳ್ಲಿಲ್ಲ ಅವರು?”

“ಅಳಿಯಂದ್ರು ಮಾಡಿದ್ದಕ್ಕ ಅಪ್ಪ ಬ್ಯಾರೆ ಏನ್ ಅಂದಾರ್ರಿ?” ಎಂದಳು ತುಂಗಾ. ಆಮೇಲೆ, “ನೀವು ಅಷ್ಟು ಹಿಗ್ಗಿದ್ರಿ. ನಾನರ ಏನ್ ಅನ್ಲಿ?” ಎಂದಳು.

ನಾನು ಕೋಲಿನ ಬುಡ ಹಿಡಿದು ಕಣ್ಣು ಮುಚ್ಚಿ ನಿಂತೆ. ತುಂಗಾ ದಾರದ ತುದಿಯನ್ನು, ಮೀನು ಹಿಟ್ಟು ಮುಟ್ಟುವಷ್ಟೇ ಮೆಲ್ಲಗೆ ಜಗ್ಗಬೇಕೆಂದು ಮಾತಾಯಿತು. ಬಹಳ ಹೊತ್ತು ಕಾದು, “ಇನ್ನ ಜಗ್ಗು,” ಎಂದೆ. “ಆವಾಗಿಂದ ಜಗ್ಗಲಿಕ್ಕತ್ತೀನ್ರಿ,” ಎಂದಳು. ಕಣ್ಣು ತೆರೆದು ನೋಡಿದರೆ ತುದಿಯ ಬಿದಿರು ಗಾಳಿಗೆ ಸಿಕ್ಕ ಹುಲ್ಲಿನ ಹಾಗೆ ಕುಣಿಯುತ್ತಿತ್ತು. ಆ ಕುಣಿತ ಹಿತ್ತಾಳೆಯವರೆಗೆ ಬಂದು ಅಲ್ಲಿಯೇ ಸತ್ತುಹೋಗುತ್ತಿತ್ತು. ನನ್ನ ಅಭೇದ್ಯವಾದ ಕಟ್ಟಿನ ಈಚೆಗೆ ಏನೂ ದಾಟಿ ಬರುತ್ತಿರಲಿಲ್ಲ. ಇಷ್ಟು ದಿನವೂ ಆ ವೃದ್ಧರು ನನ್ನ ಮನಸ್ಸು ನೋಯದಿರಲೆಂದು ಒಂದು ಮೂಕ ಕೋಲನ್ನು ಹಿಡಿದು, ಬಿಸಿಲು ಕಾಯುತ್ತ, ಸಂಜೆಗೆ ಬೇಕಾದ ಸುದ್ದಿಯನ್ನು ತಲೆಯಲ್ಲೇ ಹೊಸೆಯುತ್ತ ಕುಳಿತಿದ್ದರು. ನನಗೆ ಅಳು ಬಂತು, ಅದನ್ನು ಹೇಳಲು ಸಂಕೋಚವಿಲ್ಲ.

ಅವರನ್ನೇ ಕೇಳಿ ಸರಿಪಡಿಸುವುದು ಸುಲಭವೆಂದು ನಿಮಗೆ ತೋರಬಹುದು. ನಾನೂ ಹಾಗೆಂದುಕೊಂಡು ಹೋಗಿ ಎದುರಿಗೆ ಕುಳಿತೆ. ಕೋಲು ಸರಿಯಾಗಿಲ್ಲವಲ್ಲವೇ ಎಂದು ಕೇಳಿದರೆ, ಇಷ್ಟು ಗಟ್ಟಿ ಕಟ್ಟನ್ನು ತಾವು ನೋಡಿಯೇ ಇಲ್ಲವೆಂದರು. ಮೀನು ತಾಗುವುದು ತಿಳಿಯುತ್ತದೆಯೇ ಎಂದರೆ, ಈಗ ಮೀನೇ ಕಡಿಮೆಯಾಗಿವೆ ಎಂದರು. ಅಂದು ನೀರು ನಿಂತಿತ್ತಲ್ಲ ಎಂದರೆ, ತಮಗೆ ಕಿವಿಯೂ ಮಂದವಾಗಿದೆ ಎಂದು ತಪ್ಪನ್ನು ತಮ್ಮ ಮೇಲೆಯೇ ಹಾಕಿಕೊಂಡರು. ಎಂಥೆಂಥ ಸಾಕ್ಷಿಗಳನ್ನೋ ಪಾಟೀಸವಾಲಿನಲ್ಲಿ ಅಲುಗಾಡಿಸಿದವನು ಸೌಜನ್ಯದ ಆ ಬಂಡೆಯ ಮುಂದೆ ಸೋತು ಎದ್ದೆ. ಏಕಾದಶಿ ಹತ್ತಿರ ಬರುತ್ತಿತ್ತು.

ಕೋರ್ಟಿಗೆ ರಜವಿದ್ದ ಒಂದು ದಿನ ನಾನು ಅವರ ಪಕ್ಕದಲ್ಲಿಯೇ ಜಗಲಿಯ ಮೇಲೆ ಕುಳಿತು, ಕೋಲನ್ನು ಬಿಚ್ಚಿ ಮತ್ತೆ ಕಟ್ಟುತ್ತೇನೆಂದೆ. “ನಿಮ್ಮ ಇಚ್ಛಾರಿ,” ಎಂದರು. ಅರಗು ಕೆರೆದು, ತಂತಿ ಬಿಚ್ಚಿ, ದೀಪದ ಉರಿಗೆ ಹಿತ್ತಾಳೆ ಕಾಯಿಸಿ ಕೊಳವೆಯನ್ನು ಕಿತ್ತೆ. ಈ ಸಲ ಎರಡೂ ಕೊನೆಗಳನ್ನು ಲೇಖನಿಯ ಮೊನೆಯಂತೆ ಉದ್ದಕ್ಕೆ ಓರೆಯಾಗಿ ಕೆತ್ತಿ, ಒಂದರ ಮೇಲೊಂದು ಮಲಗಿಸಿ, ಬರಿಯ ನೂಲಿನಿಂದ ಸುತ್ತಬೇಕೆಂದು ಯೋಚಿಸಿದ್ದೆ. ಯೋಚನೆ ಒಳ್ಳೆಯದೇ ಇತ್ತು. ಆದರೆ ಯೋಚಿಸುವ ತಲೆಗೂ ಕೆತ್ತುವ ಕೈಗೂ ನನ್ನ ದೇಹದಲ್ಲಿ ಎಂದೂ ಸ್ನೇಹವಿರಲಿಲ್ಲ. ಚೂರಿ ಬಿದಿರಿನ ಮೇಲೆ ಕಚ್ಚುತ್ತ, ತೊದಲುತ್ತ, ಎಳೆ ಎಬ್ಬಿಸುತ್ತ ಹೋಯಿತು.

ಮಾವನವರು ಕೇಳುತ್ತಿದ್ದರು. ಮೊದಲು ಅವರ ಜಪದ ತುಟಿ ನಿಂತಿತು. ಆಮೇಲೆ ಮುಖವನ್ನು ಅತ್ತ ತಿರುಗಿಸಿದರು. ಆಮೇಲೆ “ಹರಿ ಹರಿ” ಅಂದರು, ಅದು ದೇವರಿಗೆ ಹೇಳಿದ್ದಾಗಿರಲಿಲ್ಲ. ಚೂರಿ ಮತ್ತೊಮ್ಮೆ ಗಣ್ಣಿಗೆ ಸಿಕ್ಕಿ ಕಿರುಗುಟ್ಟಿತು, ನಾನು ಬಲ ಹಾಕಿ ಒತ್ತಿದೆ.

“ಏ, ಹಂಗಲ್ಲೋ! ಕೊಲ್ಲತೀಯೇನು ಅದನ್ನ? ಗಣ್ಣಿನ ಮ್ಯಾಲೆ ಚೂರಿ ಕೂಡಿಸಿ ಒತ್ತಲಿಕ್ಕತ್ತಿ, ಕಿವಿ ಇಲ್ಲೇನು ನಿನಗ? ತುದಿಯಿಂದ ಬುಡಕ್ಕ ಎಳಿ, ಬುಡದಿಂದ ತುದಿಗಲ್ಲ. ತಾ ಇಲ್ಲೆ. ಇಷ್ಟು ಓದಿ ಏನು ಕಲತಿ!”

ಒಳಗೆ ತುಂಗಾ ಕುಟ್ಟುತ್ತಿದ್ದ ಒನಕೆಯ ಸದ್ದು ನಿಂತುಹೋಯಿತು. ಮಾವನವರ ಚಾಚಿದ ಕೈ ಚಾಚಿದಂತೆಯೇ ಉಳಿಯಿತು. ಆಡಿದ್ದು ಏನೆಂದು ಹೊಳೆದು ಮುಖ ಕಳೆಗುಂದಿತು.

“ತಪ್ಪಾತ್ರಿ, ಅಳಿಯಂದ್ರ,” ಎಂದರು ಸಣ್ಣ ದನಿಯಲ್ಲಿ. “ಬಾಯಿ ತಪ್ಪಿ ಬಂತು.”

ನಾನು ಚೂರಿಯ ಹಿಡಿಯನ್ನು ಅವರ ಅಂಗೈಯಲ್ಲಿಟ್ಟು ಬೆರಳು ಮುಚ್ಚಿದೆ. “ಇನ್ನೂ ಭಾಳ ತಪ್ಪು ಮಾಡೋದದ, ಮಾವನವರ. ಮುಂದ ಹೇಳ್ರಿ,” ಎಂದೆ.

ಅವರು ನನ್ನ ಕಡೆಗೆ ತಿರುಗಿ ಕುಳಿತರು. ನಂತರ ಚೂರಿಯ ಬಾಯಿಯನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿ, “ಇದು ಬದನಿಕಾಯಿ ಹೆಚ್ಚೋ ಚೂರಿ,” ಎಂದರು, ಆಳವಾದ ತಿರಸ್ಕಾರದಿಂದ. ಮಧ್ಯಾಹ್ನವೆಲ್ಲ ಆ ತಿರಸ್ಕಾರ ಹರಿಯಿತು. ನಾನು ತಂದ ನೂಲು ಒರಟು, ನಾನು ಮೇಣ ತಿಕ್ಕಿದ ರೀತಿ ತಪ್ಪು, ನಾನು ಸುತ್ತಿದ ಸುತ್ತು ಉರುಲು ಹಾಕಿದಂತೆ ಬಿಗಿ. ಬಿಚ್ಚಿಸಿದರು, ಮತ್ತೆ ಸುತ್ತಿಸಿದರು, ಮತ್ತೆ ಬಿಚ್ಚಿಸಿದರು. ಕಟ್ಟು ಗಟ್ಟಿಯಾಗಿ ಹಿಡಿಯಬೇಕು, ಆದರೆ ಕೋಲು ಬಾಗುವಾಗ ತಾನೂ ಜೊತೆಗೆ ಬಾಗಬೇಕು. ಬಾಗದ ಕಟ್ಟು ಕೋಲನ್ನು ಎರಡು ತುಂಡಾಗಿಯೇ ಇಡುತ್ತದೆ ಎಂದರು. ನಾನು ಕಟ್ಟುತ್ತ ಯೋಚಿಸಿದೆ. ಅವರೂ ನಾವೂ ಇಷ್ಟು ದಿನ ಪರಸ್ಪರ ತೋರಿದ ಗೌರವವೂ ಒಂದು ಹಿತ್ತಾಳೆಯ ಕೊಳವೆಯೇ ಆಗಿತ್ತು. ಅದು ಮುರಿಯುವ ಭಯವಿರಲಿಲ್ಲ, ಹೊಳಪೂ ಇತ್ತು. ಆದರೆ ಈ ಕಡೆಯ ನೋವು ಆ ಕಡೆಗೆ, ಆ ಕಡೆಯ ಆಸೆ ಈ ಕಡೆಗೆ ದಾಟುತ್ತಿರಲಿಲ್ಲ. ಇದನ್ನು ಅವರಿಗೆ ಹೇಳಲು ಹೋಗಲಿಲ್ಲ. ಹೇಳಿದ್ದರೆ, ಬಾಯಿ ಮುಚ್ಚಿ ದಾರ ಹಿಡಿ ಎನ್ನುತ್ತಿದ್ದರು.

ಕಟ್ಟು ಒಣಗಿದ ಮೇಲೆ ಅವರ ಜೊತೆ ನಾನೂ ತುಂಗಾಳೂ ಕಾಲುವೆಗೆ ಹೋದೆವು. ಕೋಲು ಮೊದಲಿಗಿಂತ ಗಿಡ್ಡವಾಗಿತ್ತು, ಕಟ್ಟಿದ ಜಾಗ ಉಬ್ಬಿಕೊಂಡು ನೋಡಲು ಚೆಂದವೂ ಇರಲಿಲ್ಲ. ಅವರು ದಾರ ಬಿಟ್ಟು, ಬುಡವನ್ನು ಅಂಗೈಯ ಮೇಲೆ ಇಟ್ಟುಕೊಂಡರು. ನಾವಿಬ್ಬರೂ ಅವರ ಮುಖವನ್ನೇ ನೋಡುತ್ತಿದ್ದೆವು. ನೀರಿನ ಮೇಲೆ ಏನೂ ನಡೆಯುತ್ತಿರಲಿಲ್ಲ. ಮೆಲ್ಲನೆ, ಅವರ ಮುಖ ನೀರಿನ ಕಡೆಗೆ ವಾಲಿತು.

“ಸಣ್ಣ ಮರಿ,” ಎಂದರು. ಸ್ವಲ್ಪ ಹೊತ್ತಾದ ಮೇಲೆ, “ಮ್ಯಾಲೆ ಯಾರೋ ಪಾಚಿ ಕಿತ್ತು ನೀರಿಗೆ ಒಗದಾರ, ದಾರಕ್ಕ ತೊಡರತದ. ಲಸ್ಕರ ಏನು ನಿದ್ದಿ ಮಾಡ್ತಾನೇನು?” ಎಂದು ಗದರಿದರು. ಲಸ್ಕರನೆಂದರೆ ತೂಬು ಕಾಯುವ ಸರ್ಕಾರಿ ಆಳು. ಅವನು ಅಲ್ಲಿಂದ ಹರದಾರಿ ದೂರದಲ್ಲಿದ್ದನು, ಅವನ ಪುಣ್ಯ.

ಅಂದು ಮಧ್ಯಾಹ್ನ ಊಟಕ್ಕೆ ಕುಳಿತಾಗ ಹಂಪಿಯ ಮಾತನ್ನು ಯಾರು ತೆಗೆಯಬೇಕೆಂಬುದು ನಮಗೆ ತಿಳಿಯಲಿಲ್ಲ. ಏಕಾದಶಿ ಹಿಂದಿನ ದಿನವೇ ಕಳೆದಿತ್ತು, ಅಂದು ದ್ವಾದಶಿ. ಬಂಡಿಯವನು ಬಿಸಿಲು ಇಳಿದ ಮೇಲೆ ಬಂದು ಕೇಳುತ್ತೇನೆಂದು ಹೇಳಿಹೋಗಿದ್ದ. ತುಂಗಾ ಅನ್ನ ಹಾಕಿ, ಸಾರು ಬಡಿಸಿ, ಸೌಟು ಹಿಡಿದು ಅವರ ಎದುರಿಗೇ ನಿಂತಳು. ಮಾವನವರು ಕಲಸಿ ಒಂದು ತುತ್ತು ಬಾಯಿಗಿಟ್ಟು ನಿಧಾನವಾಗಿ ನುಂಗಿದರು. ಕೈ ಎಲೆಯ ಮೇಲೆಯೇ ನಿಂತಿತು.

“ತುಂಗಾ, ಇದೇನು ಸಾರೋ, ಕಾಲುವಿ ನೀರೋ? ನಿಮ್ಮವ್ವ ಹಿಂಗ ಮಾಡಿದ್ರ ನಾ ಎಲಿ ಬಿಟ್ಟು ಏಳತಿದ್ದೆ.”

ತುಂಗಾ ಗೋಡೆಯ ಕಡೆ ತಿರುಗಿ ಸೆರಗಿನಿಂದ ಕಣ್ಣೊತ್ತಿಕೊಂಡಳು.

“ನಾಳೆ ಗಟ್ಟಿ ಮಾಡ್ತೀನಿ, ಅಪ್ಪಾ.”

“ಮಾಡು,” ಎಂದರು ಮಾವನವರು, ಇನ್ನೊಂದು ಸೌಟಿಗೆ ಎಲೆಯ ಮೇಲೆ ಅನ್ನದ ಗುಳಿ ಮಾಡುತ್ತ. “ನಾಳೆ ನೋಡಿ ಹೇಳ್ತೀನಿ.”